ಹಸಿವನ್ನೂ ಕಲಿಯಬೇಕು ಎಂದ ಡಾಕ್ಟರ್: ಹಿಲ್ಡೆ ಬ್ರುಖ್ ಬದುಕಿನ ಕಥೆ

1934ನೇ ಇಸವಿ. ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತದ ಕಾಲ. ಕೆಲಸ ಕಳೆದುಕೊಂಡವರು ಬ್ರೆಡ್ಡು, ಸೂಪಿಗಾಗಿ ಬೀದಿಯಲ್ಲಿ ಸಾಲು ನಿಲ್ಲುತ್ತಿದ್ದರು. ಆ ದಿನಗಳಲ್ಲೇ ನ್ಯೂಯಾರ್ಕ್‌ಗೆ ಬಂದಿಳಿದ 30 ವರ್ಷದ ಮಕ್ಕಳ ಡಾಕ್ಟರ್ ಒಬ್ಬರಿಗೆ ಕಂಡ ದೃಶ್ಯವೇ ಬೇರೆ. ಆಸ್ಪತ್ರೆಯಲ್ಲಿ, ರಸ್ತೆಯಲ್ಲಿ, ಸಬ್‌ವೇ ರೈಲಿನಲ್ಲಿ, ಶಾಲೆಗಳಲ್ಲಿ, ಎಲ್ಲಿ ನೋಡಿದರೂ ದಪ್ಪ ದಪ್ಪ ಮಕ್ಕಳು. ಯುರೋಪಿನಲ್ಲಿ ಅವರು ಇಷ್ಟೊಂದು ದಪ್ಪ ಮಕ್ಕಳನ್ನು ನೋಡಿರಲಿಲ್ಲ.

ಊಟಕ್ಕೇ ತತ್ವಾರ ಇರುವ ಕಾಲದಲ್ಲಿ ಮಕ್ಕಳು ಯಾಕೆ ಹೀಗೆ? ಈ ಪ್ರಶ್ನೆ ಮುಂದಿನ 50 ವರ್ಷ ಅವರ ಬೆನ್ನು ಬಿಡಲಿಲ್ಲ. ದಪ್ಪ ಮಕ್ಕಳಿಂದ ಶುರುವಾದ ಹುಡುಕಾಟ, ಕೊನೆಗೆ ಊಟವನ್ನೇ ಬಿಟ್ಟು ಎಲುಬಿನ ಹಂದರವಾಗುತ್ತಿದ್ದ ಹುಡುಗಿಯರ ತನಕ ಹೋಯಿತು. ಬೊಜ್ಜು ಮತ್ತು ಅನೊರೆಕ್ಸಿಯಾ, ನೋಡಲು ಒಂದಕ್ಕೊಂದು ತದ್ವಿರುದ್ಧ. ಇವೆರಡರ ಬೇರು ಒಂದೇ ಕಡೆ ಇರಬಹುದು ಎಂದು ದಶಕಗಳ ಕಾಲ ವಾದಿಸಿದ ಆ ಡಾಕ್ಟರ್ ಹೆಸರು ಹಿಲ್ಡೆ ಬ್ರುಖ್.

ಇಂದು ಜಗತ್ತಿನ ಯಾವುದೇ ಮೂಲೆಯಲ್ಲಿ ಈಟಿಂಗ್ ಡಿಸಾರ್ಡರ್ ಬಗ್ಗೆ ಓದುವ ವಿದ್ಯಾರ್ಥಿ ಮೊದಲ ವಾರದಲ್ಲೇ ಎದುರಾಗುವ ಹೆಸರು ಇದು. ಅವರ ಎಷ್ಟೋ ಮಾತುಗಳು ನಿಜವಾದವು. ಕೆಲವು ಮಾತುಗಳಿಗೆ ಮಾತ್ರ ಸಾವಿರಾರು ಅಮ್ಮಂದಿರು ಬೆಲೆ ತೆರಬೇಕಾಯಿತು.

ಗಣಿತದ ಆಸೆ, ವೈದ್ಯಕೀಯದ ದಾರಿ

ಹಿಲ್ಡೆ ಹುಟ್ಟಿದ್ದು 1904ರ ಮಾರ್ಚ್ 11ರಂದು, ಜರ್ಮನಿಯ ಪಶ್ಚಿಮ ಅಂಚಿನಲ್ಲಿ, ನೆದರ್ಲೆಂಡ್ಸ್ ಗಡಿಗೆ ಹತ್ತಿರವಿರುವ ಡ್ಯುಲ್ಕೆನ್ ಎಂಬ ಪುಟ್ಟ ಊರಿನಲ್ಲಿ. ಯಹೂದಿ ಕುಟುಂಬ, ಏಳು ಮಕ್ಕಳಲ್ಲಿ ಇವರು ಮೂರನೆಯವರು. ಅಪ್ಪ ದನಗಳ ವ್ಯಾಪಾರಿ. ಹುಡುಗಿಗೆ ಗಣಿತವೆಂದರೆ ಪ್ರಾಣ. ಗಣಿತಜ್ಞೆ ಆಗಬೇಕು ಎಂಬ ಆಸೆ. ಆದರೆ ಯಹೂದಿ ಹೆಣ್ಣುಮಗಳಿಗೆ ಗಣಿತದಲ್ಲಿ ಕೆಲಸ ಎಲ್ಲಿ ಸಿಗುತ್ತದೆ, ವೈದ್ಯಕೀಯ ಓದಿದರೆ ಹೊಟ್ಟೆಪಾಡಿಗಾದರೂ ಆದೀತು ಎಂದು ಸಂಬಂಧದ ಹಿರಿಯರೊಬ್ಬರು ಬುದ್ಧಿ ಹೇಳಿದರು. ಹುಡುಗಿ ಕೇಳಿದಳು. ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಓದಿ 1929ರಲ್ಲಿ ಡಾಕ್ಟರ್ ಪದವಿ ಪಡೆದರು.

ಕೀಲ್ ಮತ್ತು ಲೈಪ್‌ಜಿಗ್ ನಗರಗಳಲ್ಲಿ ಸಂಶೋಧನೆ, ಮಕ್ಕಳ ವೈದ್ಯಕೀಯದಲ್ಲಿ ತರಬೇತಿ. ವಿಶ್ವವಿದ್ಯಾಲಯದಲ್ಲೇ ಮುಂದುವರಿಯುವ ಅರ್ಹತೆ ಇತ್ತು. ಅಷ್ಟರಲ್ಲಿ ಯಹೂದಿ ದ್ವೇಷದ ಗಾಳಿ ಕ್ಯಾಂಪಸ್ಸಿನೊಳಗೂ ಬೀಸತೊಡಗಿತ್ತು. 1932ರಲ್ಲಿ ಅವರು ಅದನ್ನು ಬಿಟ್ಟು ಡ್ಯುಸೆಲ್‌ಡಾರ್ಫ್ ಪಕ್ಕದ ರಾಟಿಂಗೆನ್‌ನಲ್ಲಿ ಸ್ವಂತ ಕ್ಲಿನಿಕ್ ತೆರೆದರು. ಕ್ಲಿನಿಕ್ ಒಂದು ವರ್ಷವೂ ನಡೆಯಲಿಲ್ಲ. 1933ರ ಜನವರಿಯಲ್ಲಿ ಹಿಟ್ಲರ್ ಗದ್ದುಗೆ ಹಿಡಿದ. ಏಪ್ರಿಲ್ 1ರಂದು ಯಹೂದಿಗಳ ಅಂಗಡಿ, ಕಚೇರಿ, ಕ್ಲಿನಿಕ್‌ಗಳಿಗೆ ಬಹಿಷ್ಕಾರ ಹಾಕಲಾಯಿತು. ಅದಾದ ಕೆಲವೇ ತಿಂಗಳಲ್ಲಿ ಹಿಲ್ಡೆ ಇಂಗ್ಲೆಂಡ್‌ಗೆ ಹೊರಟರು.

ಲಂಡನ್ನಿನ ಬಡವರ ಬಡಾವಣೆ ಈಸ್ಟ್ ಎಂಡ್‌ನ ಹೆರಿಗೆ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿದು, ಆಮೇಲೆ ಅಮೆರಿಕ. ಅವರ ಕುಟುಂಬದ ಎಲ್ಲರೂ ಹೀಗೆ ತಪ್ಪಿಸಿಕೊಳ್ಳಲಿಲ್ಲ. ಕೆಲವರು ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಯುದ್ಧ ಮುಗಿದ ಮೇಲೆ, ಅಪ್ಪ ಅಮ್ಮನನ್ನು ಕಳೆದುಕೊಂಡ ಅಣ್ಣತಮ್ಮಂದಿರ ಮಗನೊಬ್ಬನನ್ನು ಹಿಲ್ಡೆ ತಾವೇ ಕರೆತಂದು ಸಾಕಿದರು. ಅವರು ಮದುವೆಯಾಗಲಿಲ್ಲ.

ಗ್ರಂಥಿಯ ಮೇಲೆ ಹೊರಿಸಿದ ತಪ್ಪು

ನ್ಯೂಯಾರ್ಕ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಬೇಬೀಸ್ ಹಾಸ್ಪಿಟಲ್‌ನಲ್ಲಿ ಕೆಲಸ ಸಿಕ್ಕಿತು. 1937ರ ಹೊತ್ತಿಗೆ ದಪ್ಪ ಮಕ್ಕಳ ಅಧ್ಯಯನ ಶುರು.

ಆಗ ಮಗು ದಪ್ಪಗಿದೆ ಎಂದರೆ ವೈದ್ಯರ ಬಳಿ ಒಂದು ರೆಡಿಮೇಡ್ ಉತ್ತರ ಇತ್ತು, ಗ್ರಂಥಿ ಕೆಟ್ಟಿದೆ. ಇದಕ್ಕೊಂದು ಹಿನ್ನೆಲೆ ಇದೆ. 1901ರಲ್ಲಿ ವಿಯೆನ್ನಾದ ಡಾಕ್ಟರ್ ಆಲ್ಫ್ರೆಡ್ ಫ್ರೋಲಿಖ್ ಒಬ್ಬ ಹುಡುಗನ ಕೇಸ್ ವರದಿ ಮಾಡಿದ್ದರು. ಅವನ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹತ್ತಿರ ಗೆಡ್ಡೆ ಬೆಳೆದಿತ್ತು. ಹುಡುಗ ದಪ್ಪಗಾಗಿದ್ದ, ಪ್ರಾಯಕ್ಕೆ ಬರುವ ಲಕ್ಷಣಗಳು ಕಾಣಿಸಿರಲಿಲ್ಲ. ಅಪರೂಪದ ಕೇಸ್ ಅದು. ಆದರೆ ಫ್ರೋಲಿಖ್ ಸಿಂಡ್ರೋಮ್ ಎಂಬ ಹೆಸರು ಎಷ್ಟು ಜನಪ್ರಿಯವಾಯಿತೆಂದರೆ, 30 ವರ್ಷಗಳಲ್ಲಿ ಕ್ಲಿನಿಕ್‌ಗೆ ಬಂದ ಪ್ರತಿ ದಪ್ಪ ಹುಡುಗನ ಹಣೆಗೂ ಅದೇ ಚೀಟಿ ಅಂಟಿಸುವಂತಾಯಿತು. ಹಾರ್ಮೋನ್ ಇಂಜೆಕ್ಷನ್ ಕೊಡುತ್ತಿದ್ದರು. ಗಂಡುಮಗ ಗಂಡಸಾಗಿ ಬೆಳೆಯುವುದಿಲ್ಲವೇನೋ ಎಂದು ಹೆತ್ತವರು ಹೆದರಿ ಸಾಯುತ್ತಿದ್ದರು.

ಹಿಲ್ಡೆ ಮಾಡಿದ್ದು ಸರಳ ಕೆಲಸ. ಅಳೆದರು. ಎತ್ತರ, ತೂಕ, ಎಲುಬಿನ ಬೆಳವಣಿಗೆ, ಪ್ರಾಯದ ಲಕ್ಷಣ, ಎಲ್ಲವನ್ನೂ ಸಾಲಾಗಿ ಬರೆದುಕೊಂಡರು. (ಗಣಿತದ ಹುಡುಗಿ ಎಲ್ಲಿಗೂ ಹೋಗಿರಲಿಲ್ಲ!) ಪಿಟ್ಯುಟರಿ ಕೆಟ್ಟಿದ್ದರೆ ಮಕ್ಕಳು ಕುಳ್ಳಗಿರಬೇಕಿತ್ತು, ಪ್ರಾಯ ತಡವಾಗಬೇಕಿತ್ತು. ಆಗಿದ್ದು ಉಲ್ಟಾ. ಈ ಮಕ್ಕಳು ತಮ್ಮ ವಯಸ್ಸಿನವರಿಗಿಂತ ಎತ್ತರವೇ ಇದ್ದರು, ಎಲುಬುಗಳು ಮುಂದೆಯೇ ಬಲಿತಿದ್ದವು, ಪ್ರಾಯವೂ ಸಮಯಕ್ಕೆ ಸರಿಯಾಗಿ ಬರುತ್ತಿತ್ತು. 1939ರಿಂದ ಸಾಲಾಗಿ ಪ್ರಕಟವಾದ ಅವರ ಲೇಖನಗಳು ಗ್ರಂಥಿಯ ವಾದವನ್ನು ಅಡಿಮೇಲು ಮಾಡಿದವು. ಫ್ರೋಲಿಖ್ ಅವರ ಮೂಲ ಕೇಸ್ ಏನು ಹೇಳಿತ್ತು ಎಂಬುದನ್ನೂ ಹಿಲ್ಡೆ ಇಂಗ್ಲಿಷಿನಲ್ಲಿ ಮತ್ತೆ ಮುಂದಿಟ್ಟರು. ವಿಪರ್ಯಾಸ ನೋಡಿ, ಆ ಫ್ರೋಲಿಖ್ ಕೂಡ ಅದೇ ಹೊತ್ತಿನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದು ಸೇರಿದ್ದರು.

ಮನೆಗೇ ಹೋದ ಡಾಕ್ಟರ್

ಗ್ರಂಥಿ ಅಲ್ಲದಿದ್ದರೆ ಮತ್ತೇನು? ಮಗು ಜಾಸ್ತಿ ತಿನ್ನುತ್ತದೆ, ಕಮ್ಮಿ ಆಡುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹಿಲ್ಡೆ ಅಲ್ಲಿಗೆ ನಿಲ್ಲಲಿಲ್ಲ. ಯಾಕೆ ಜಾಸ್ತಿ ತಿನ್ನುತ್ತದೆ ಎಂದು ಕೇಳಿದರು. ಉತ್ತರ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ ಎಂದು ಮನೆಯೊಳಗಿನ ಬದುಕಿನತ್ತ ಹೊರಳಿದರು. ಗ್ರೇಸ್ ಟೂರೇನ್ ಎಂಬ ಸಹೋದ್ಯೋಗಿಯ ಜತೆ 1940ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮನೆಗಳ ಕಥೆಯನ್ನೇ ಹೇಳುತ್ತದೆ.

ಬಹಳಷ್ಟು ವಲಸಿಗ ಕುಟುಂಬಗಳು. ಅಮ್ಮಂದಿರಲ್ಲಿ ಎಷ್ಟೋ ಜನ ಬಾಲ್ಯದಲ್ಲಿ ಹಸಿವು, ಬಡತನ ಕಂಡವರು. ಅವರಿಗೆ ಮಗುವಿನ ಮುಂದೆ ತುಂಬಿದ ತಟ್ಟೆ ಇಡುವುದೆಂದರೆ ತಾವು ಗೆದ್ದ ಹಾಗೆ. ಮಗು ಅತ್ತರೆ ತಿಂಡಿ, ಬಿದ್ದರೆ ತಿಂಡಿ, ಬೇಜಾರಾದರೆ ತಿಂಡಿ. ಹೊರಗೆ ಬಿಟ್ಟರೆ ಏಟು ಮಾಡಿಕೊಳ್ಳುತ್ತದೆಂದು ಆಟಕ್ಕೆ ಬಿಡುವುದಿಲ್ಲ. ದೊಡ್ಡವನಾದ ಮೇಲೂ ಬಟ್ಟೆ ಹಾಕುವುದು ಅಮ್ಮನೇ. ಪ್ರೀತಿ ಇಲ್ಲವೆಂದಲ್ಲ, ಆದರೆ ಎಲ್ಲ ಪ್ರೀತಿಯೂ ಅಡುಗೆಮನೆಯ ದಾರಿಯಲ್ಲೇ ಬರುತ್ತಿತ್ತು ಎಂಬುದು ಹಿಲ್ಡೆ ಕಂಡುಕೊಂಡ ಸಂಗತಿ.

ನಮ್ಮ ಮನೆಗಳಲ್ಲಿ ಬೆಳೆದ ಯಾರಿಗೇ ಆದರೂ ಇದು ತೀರಾ ಅಪರಿಚಿತ ಚಿತ್ರವಲ್ಲ. ಅಮ್ಮನಿಗೊಂದು, ಅಪ್ಪನಿಗೊಂದು, ಚಂದಮಾಮನಿಗೊಂದು ಎಂದು ತುತ್ತು ಎಣಿಸಿ ತಿನ್ನಿಸಿಕೊಂಡವರೇ ನಾವೆಲ್ಲ. ಮಗು ಮುಖ ತಿರುಗಿಸಿದರೂ ಕೊನೇ ತುತ್ತು ಒಳಗೆ ಹೋಗಲೇಬೇಕು! ಹಾಗೆಂದು ನಾವೆಲ್ಲ ರೋಗಿಗಳಾಗಲಿಲ್ಲ ಎಂಬುದೂ ನಿಜ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಸಿವು ಹುಟ್ಟಿನಿಂದ ಬರುತ್ತದೆಯೇ?

ಮನಸ್ಸಿನ ವಿಷಯ ಮಾತಾಡಬೇಕಾದರೆ ಮನೋವೈದ್ಯಕೀಯ ಕಲಿಯಬೇಕು ಎಂದು ಹಿಲ್ಡೆ 1941ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ಗೆ ಹೋದರು. ಆಗ ಅವರಿಗೆ 37 ವರ್ಷ, ಒಂದು ಕ್ಷೇತ್ರದಲ್ಲಿ ಹೆಸರು ಮಾಡಿ ಆಗಿತ್ತು. ಮತ್ತೆ ವಿದ್ಯಾರ್ಥಿಯಾಗಿ ಕೂತರು. ಹ್ಯಾರಿ ಸ್ಟಾಕ್ ಸಲಿವನ್, ಫ್ರೀಡಾ ಫ್ರಾಮ್ ರೈಖ್‌ಮನ್ ಅವರಂಥ ದಿಗ್ಗಜರು ಅವರನ್ನು ತಿದ್ದಿದವರು. ಫ್ರೀಡಾ ಕೂಡ ಜರ್ಮನಿಯಿಂದ ಬಂದ ಯಹೂದಿ ವೈದ್ಯೆ. 1943ರಲ್ಲಿ ನ್ಯೂಯಾರ್ಕ್‌ಗೆ ಮರಳಿ ಚಿಕಿತ್ಸೆ, ಕೊಲಂಬಿಯಾದಲ್ಲಿ ಪಾಠ ಎರಡನ್ನೂ ನಡೆಸಿದರು.

ಮುಂದಿನ 20 ವರ್ಷಗಳಲ್ಲಿ ಅವರು ಕಟ್ಟಿದ ವಾದ ಕೇಳಲು ವಿಚಿತ್ರ. ಹಸಿವಾಗಿದೆ ಎಂದು ಗುರುತಿಸುವುದನ್ನು ಮನುಷ್ಯ ಹುಟ್ಟಿನಿಂದ ತರುವುದಿಲ್ಲ, ಅದನ್ನು ಕಲಿಯುತ್ತಾನೆ. ಹಸುಗೂಸಿಗೆ ಒಳಗೆ ಏನೋ ಹಿಂಸೆಯಾಗುತ್ತದೆ, ಅಳುತ್ತದೆ. ಅದು ಹಸಿವೋ, ಚಳಿಯೋ, ಒದ್ದೆಯೋ, ಭಯವೋ ಅದಕ್ಕೇ ಗೊತ್ತಿಲ್ಲ. ನೋಡಿಕೊಳ್ಳುವವರು ಹಸಿದಾಗ ಹಾಲು, ಚಳಿಯಾದಾಗ ಹೊದಿಕೆ, ಹೆದರಿದಾಗ ಅಪ್ಪುಗೆ ಕೊಡುತ್ತ ಹೋದರೆ ಮಗು ನಿಧಾನವಾಗಿ ಒಂದೊಂದು ಸಂಕಟವನ್ನೂ ಬೇರೆ ಮಾಡಿ ನೋಡಲು ಕಲಿಯುತ್ತದೆ. ಎಲ್ಲಕ್ಕೂ ಹಾಲೇ ಉತ್ತರವಾದರೆ? ಅಥವಾ ಮಗುವಿನ ಅಳುವಿಗಲ್ಲದೆ ಗಡಿಯಾರಕ್ಕೆ ಮಾತ್ರ ಉತ್ತರ ಸಿಕ್ಕಿದರೆ? ಆಗ ದೊಡ್ಡವರಾದ ಮೇಲೂ ಬೇಸರ, ಸಿಟ್ಟು, ಒಂಟಿತನ ಎಲ್ಲವೂ ಹಸಿವಿನಂತೆಯೇ ಅನ್ನಿಸುತ್ತವೆ. ಇಲ್ಲವೇ ನಿಜವಾದ ಹಸಿವು ಹಸಿವೆಂದೇ ಅನ್ನಿಸುವುದಿಲ್ಲ. ಮೊದಲನೆಯದು ಬೊಜ್ಜಿನ ದಾರಿ, ಎರಡನೆಯದು ಅನೊರೆಕ್ಸಿಯಾದ ದಾರಿ ಎಂದರು ಹಿಲ್ಡೆ.

ಈ ವಾದ ಪ್ರಯೋಗಶಾಲೆಗೂ ಹೊಕ್ಕಿತು. 1959ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಎಂಬ ಮನೋವೈದ್ಯ ಮಹಿಳೆಯರ ಹೊಟ್ಟೆಯೊಳಗೆ ಬಲೂನು ಇಳಿಸಿ ಜಠರದ ಸಂಕೋಚನ ಅಳೆದರು. ತೆಳ್ಳಗಿನವರಿಗೆ ಜಠರ ಹಿಂಡಿದಾಗ ಹಸಿವು ಅನ್ನಿಸುವುದು ಹೆಚ್ಚಾಗಿತ್ತು. ದಪ್ಪಗಿನವರಲ್ಲಿ ಎಷ್ಟೋ ಜನ ಜಠರ ಹಿಂಡುತ್ತಿದ್ದರೂ ಹಸಿವಿಲ್ಲ ಎನ್ನುತ್ತಿದ್ದರು.

ಇನ್ನೂ ಮಜವಾದದ್ದು ಕೊಲಂಬಿಯಾದ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಶಾಕ್ಟರ್ ಅವರ ಗಡಿಯಾರದ ಪ್ರಯೋಗ. 1968ರಲ್ಲಿ ಪ್ರಕಟವಾಯಿತು. ಸಂಜೆ 5ಕ್ಕೆ ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಅರ್ಧ ಗಂಟೆಯ ನಂತರ ಗೋಡೆಯ ಗಡಿಯಾರ ಕೆಲವರಿಗೆ 5.20 ತೋರಿಸುತ್ತಿತ್ತು, ಇನ್ನು ಕೆಲವರಿಗೆ 6.05. ಎರಡೂ ಸುಳ್ಳು. ಎದುರಿಗೆ ಬಿಸ್ಕತ್ತಿನ ಡಬ್ಬಿ. ಊಟದ ಹೊತ್ತಾಯಿತು ಎಂದು ಗಡಿಯಾರ ಹೇಳಿದಾಗ ದಪ್ಪಗಿನ ವಿದ್ಯಾರ್ಥಿಗಳು ಸುಮಾರು ದುಪ್ಪಟ್ಟು ತಿಂದರು. ಉಳಿದವರು, ರಾತ್ರಿ ಊಟ ಕೆಡುತ್ತದೆಂದು, ಕಮ್ಮಿ ತಿಂದರು. ಹೊಟ್ಟೆಯ ಮಾತಿಗಿಂತ ಹೊರಗಿನ ಸೂಚನೆಯೇ ದಪ್ಪಗಿನವರನ್ನು ನಡೆಸುತ್ತದೆ ಎಂದು ಶಾಕ್ಟರ್ ತೀರ್ಮಾನಿಸಿದರು. ಮುಂದಿನ ಸಂಶೋಧನೆಗಳು ಇದನ್ನು ಅಷ್ಟು ಸಲೀಸಾಗಿ ಒಪ್ಪಲಿಲ್ಲ. ಹೊರಗಿನ ಸೂಚನೆಗೆ ಮರುಳಾಗುವ ತೆಳ್ಳಗಿನವರೂ ಬೇಕಾದಷ್ಟು ಇದ್ದಾರೆ, ದಪ್ಪಗಿದ್ದೂ ಮರುಳಾಗದವರೂ ಇದ್ದಾರೆ. ಸಿನಿಮಾ ಇಂಟರ್ವಲ್‌ನಲ್ಲಿ ಹಸಿವಿಲ್ಲದೆ ಪಾಪ್‌ಕಾರ್ನ್ ತಿಂದವರಿಗೆ ಇದಕ್ಕೆ ಸಾಕ್ಷಿ ಬೇಕಿಲ್ಲ.

ತೆಳ್ಳಗಿರುವ ದಪ್ಪಗಿನವರು

1957ರಲ್ಲಿ ಬಂದ ಹಿಲ್ಡೆ ಅವರ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಡಯಟ್ ಮಾಡಿ ಸಣ್ಣಗಾದವರ ಬಗ್ಗೆ. ತೂಕ ಇಳಿದರೂ ಮನಸ್ಸಿನಲ್ಲಿ ದಪ್ಪಗೇ ಉಳಿದವರು, ದಿನವಿಡೀ ತೂಕವನ್ನೇ ಯೋಚಿಸುವವರು, ಸಣ್ಣಗಾದರೆ ಬದುಕೆಲ್ಲ ಸರಿಯಾಗುತ್ತದೆಂದು ನಂಬಿ ಸರಿಯಾಗದೆ ಕಂಗಾಲಾದವರು. ಇಂಥವರನ್ನು ಅವರು ತೆಳ್ಳಗಿನ ದಪ್ಪಗಿನವರು ಎಂದು ಕರೆದರು. ಎಲ್ಲರನ್ನೂ ಕಡ್ಡಾಯವಾಗಿ ಸಣ್ಣಗಾಗಿಸಲೇಬೇಕು ಎಂಬ ಹಟ ಕೆಲವರಿಗೆ ಬೊಜ್ಜಿಗಿಂತ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಅವರ ನಿಲುವಾಗಿತ್ತು. ಡಯಟ್ ಆ್ಯಪ್‌ಗಳ ಕಾಲದಲ್ಲಿ ಓದಿದರೆ ನಿನ್ನೆ ಬರೆದಂತೆ ಕಾಣುತ್ತದೆ.

ಪುಣೆಯ ಓದುಗರಿಗೆ ಇಲ್ಲಿ ಗೊಂದಲವಾಗಬಹುದು. ಥಿನ್ ಫ್ಯಾಟ್ ಎಂಬ ಇದೇ ಮಾತು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಸಿ.ಎಸ್. ಯಾಜ್ಞಿಕ್ ಅವರ ಸಂಶೋಧನೆಯಿಂದ ಜಗತ್ತಿಗೆಲ್ಲ ಗೊತ್ತಾಗಿದೆ. ಅವರು ಹೇಳಿದ್ದು ಭಾರತೀಯ ಶಿಶುಗಳ ಬಗ್ಗೆ. ತೂಕ ಕಮ್ಮಿ, ಆದರೆ ಆ ಪುಟ್ಟ ದೇಹದಲ್ಲಿ ಕೊಬ್ಬಿನ ಪಾಲು ಜಾಸ್ತಿ, ಮುಂದೆ ಸಕ್ಕರೆ ಕಾಯಿಲೆಗೆ ದಾರಿ. ಅದು ದೇಹದ ಮಾತು, ಹಿಲ್ಡೆ ಅವರದು ಮನಸ್ಸಿನ ಮಾತು. ಹೆಸರಷ್ಟೇ ಒಂದು.

ಚಿನ್ನದ ಪಂಜರ

ಊಟ ಬಿಡುವ ಹುಡುಗಿಯರ ಕಥೆ ಹಳೆಯದು. 1870ರ ದಶಕದಲ್ಲೇ ಲಂಡನ್ನಿನ ವಿಲಿಯಂ ಗಲ್ ಇದಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರಿಟ್ಟಿದ್ದರು, ಪ್ಯಾರಿಸ್ಸಿನ ಲಾಸೆಗ್ ಕೂಡ ವರ್ಣಿಸಿದ್ದರು. ಆದರೆ 1914ರಲ್ಲಿ ಹ್ಯಾಂಬರ್ಗ್‌ನ ಸಿಮಂಡ್ಸ್ ಎಂಬ ವೈದ್ಯ, ಪಿಟ್ಯುಟರಿ ನಾಶವಾಗಿ ಸೊರಗಿ ಸತ್ತ ಮಹಿಳೆಯೊಬ್ಬಳ ಕೇಸ್ ಬರೆದರು. ಅಲ್ಲಿಂದ ಮುಂದೆ ದಶಕಗಳ ಕಾಲ ಸೊರಗಿದ ಹುಡುಗಿಯರಿಗೂ ಪಿಟ್ಯುಟರಿಯ ಚೀಟಿಯೇ. ದಪ್ಪ ಮಕ್ಕಳಿಗೂ ಅದೇ ಗ್ರಂಥಿ, ಸೊರಗಿದವರಿಗೂ ಅದೇ ಗ್ರಂಥಿ. ಪಾಪದ ಪಿಟ್ಯುಟರಿ!

1962ರಲ್ಲಿ ಹಿಲ್ಡೆ ಪ್ರಕಟಿಸಿದ ಲೇಖನ ಈ ರೋಗವನ್ನು ನೋಡುವ ಕಣ್ಣನ್ನೇ ಬದಲಿಸಿತು. ಊಟ ಬಿಡುವುದು ಹೊರಗೆ ಕಾಣುವ ಲಕ್ಷಣ, ಒಳಗಿನ ತೊಂದರೆ ಮೂರು ಎಂದರು. ಒಂದು, ತನ್ನ ದೇಹ ಹೇಗಿದೆ ಎಂಬುದೇ ಸರಿಯಾಗಿ ಕಾಣದಿರುವುದು. ಎಲುಬು ಎದ್ದು ಕಾಣುತ್ತಿದ್ದರೂ ಕನ್ನಡಿಯಲ್ಲಿ ಆಕೆಗೆ ದಪ್ಪವೇ ಕಾಣುತ್ತದೆ. ಎರಡು, ಹಸಿವು, ದಣಿವು, ಭಾವನೆ ಹೀಗೆ ಒಳಗಿನಿಂದ ಬರುವ ಸುದ್ದಿಗಳನ್ನು ಓದಲಾಗದಿರುವುದು. ಮೂರನೆಯದನ್ನೇ ಅವರು ಎಲ್ಲಕ್ಕಿಂತ ದೊಡ್ಡದೆಂದರು. ತನ್ನ ಬದುಕಿನಲ್ಲಿ ಯಾವುದೂ ತನ್ನ ಕೈಯಲ್ಲಿಲ್ಲ, ತಾನು ಮಾಡುವುದೆಲ್ಲ ಬೇರೆಯವರ ಇಷ್ಟಕ್ಕೆ ಎಂಬ ಅಸಹಾಯಕತೆ.

ಅವರ ಬಳಿ ಬರುತ್ತಿದ್ದ ಹುಡುಗಿಯರು ಹೆಚ್ಚಾಗಿ ಸ್ಥಿತಿವಂತರ ಮನೆಯವರು. ತರಗತಿಗೆ ಮೊದಲಿಗರು. ಎದುರು ಮಾತಾಡದವರು, ಹೆತ್ತವರ ಕಣ್ಮಣಿಗಳು. ಈ ಮಗು ಒಂದು ದಿನವೂ ತೊಂದರೆ ಕೊಟ್ಟಿಲ್ಲ ಎಂದು ಅಪ್ಪ ಅಮ್ಮ ಹೇಳುತ್ತಿದ್ದರು. ಅದೇ ತೊಂದರೆ ಎಂದು ಹಿಲ್ಡೆ ಗುರುತಿಸಿದರು. ಎಲ್ಲರಿಗೂ ಬೇಕಾದಂತೆ ಬೆಳೆದ ಹುಡುಗಿಗೆ ತನಗೆ ಏನು ಬೇಕೆಂಬುದೇ ಗೊತ್ತಿಲ್ಲ. ಕೊನೆಗೆ ಆಕೆಗೆ ಸಿಕ್ಕ ಒಂದೇ ಒಂದು ಸ್ವಂತ ಆಸ್ತಿ ಎಂದರೆ ಊಟ ಬೇಡ ಎನ್ನುವ ಶಕ್ತಿ. ಅಲ್ಲಿ ಮಾತ್ರ ಆಕೆ ಗೆಲ್ಲುತ್ತಾಳೆ. ಅದಕ್ಕೇ ಬಿಡುವುದಿಲ್ಲ, ಪ್ರಾಣ ಹೋದರೂ.

1978ರಲ್ಲಿ ಬಂದ 'ದಿ ಗೋಲ್ಡನ್ ಕೇಜ್' ಪುಸ್ತಕದ ಹೆಸರು ಒಬ್ಬ ರೋಗಿಯ ಕಲ್ಪನೆಯಿಂದ ಬಂದದ್ದು. ಸಕಲ ಸೌಕರ್ಯದ ತನ್ನ ಮನೆಯಲ್ಲಿ ಆಕೆಗೆ ತಾನು ಚಿನ್ನದ ಪಂಜರದಲ್ಲಿ ಸಿಕ್ಕಿದ ಗುಬ್ಬಚ್ಚಿ ಅನ್ನಿಸುತ್ತಿತ್ತಂತೆ. ಆ ಪಂಜರಕ್ಕೆ ತಕ್ಕ ಅಂದದ ಹಕ್ಕಿಯೂ ತಾನಲ್ಲ, ಹಾರಿ ಹೋಗಲೂ ಆಗದು. ಸಾಮಾನ್ಯ ಓದುಗರಿಗೆಂದೇ ಬರೆದ ಈ ತೆಳು ಪುಸ್ತಕ ಹಿಲ್ಡೆ ಅವರನ್ನು ಮನೆಮಾತಾಗಿಸಿತು. ಮನೆಯಲ್ಲಿ ಮಗಳು ಸೊರಗುತ್ತಿದ್ದುದನ್ನು ನೋಡಿ ದಿಕ್ಕು ತೋಚದಿದ್ದವರಿಗೆ ಮೊದಲ ಬಾರಿ ಒಂದು ಹೆಸರು, ಒಂದು ವಿವರಣೆ ಸಿಕ್ಕಿತು. ಐದು ವರ್ಷದ ನಂತರ, 1983ರ ಫೆಬ್ರವರಿಯಲ್ಲಿ, ಗಾಯಕಿ ಕ್ಯಾರೆನ್ ಕಾರ್ಪೆಂಟರ್ 32ನೇ ವಯಸ್ಸಿಗೆ ಇದೇ ರೋಗದ ಪರಿಣಾಮದಿಂದ ತೀರಿಕೊಂಡಾಗ ಇಡೀ ಅಮೆರಿಕ ಬೆಚ್ಚಿಬಿತ್ತು.

ವೈದ್ಯರು ಸುಮ್ಮನಿರಬೇಕು

1964ರಲ್ಲಿ, 60ನೇ ವಯಸ್ಸಿನಲ್ಲಿ, ಹಿಲ್ಡೆ ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಹೊರಟರು. ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯಕೀಯ ಪ್ರೊಫೆಸರ್ ಹುದ್ದೆ. ಅವರ ಅತಿ ದೊಡ್ಡ ಕೃತಿ, 1973ರ 'ಈಟಿಂಗ್ ಡಿಸಾರ್ಡರ್ಸ್', ಅಲ್ಲಿಂದಲೇ ಬಂತು.

ಚಿಕಿತ್ಸೆಯ ವಿಷಯದಲ್ಲಿ ತಮ್ಮದೇ ಪಂಗಡದವರನ್ನೂ ಅವರು ಬಿಡಲಿಲ್ಲ. ಮನೋವಿಶ್ಲೇಷಕರ ಪದ್ಧತಿ ಎಂದರೆ ರೋಗಿ ಮಾತಾಡುವುದು, ವೈದ್ಯರು ಅದರ ಗೂಢಾರ್ಥ ಬಿಡಿಸಿ ಹೇಳುವುದು. ಅನೊರೆಕ್ಸಿಯಾ ರೋಗಿಗೆ ಇದು ವಿಷ ಎಂದರು ಹಿಲ್ಡೆ. ನಿನಗೆ ಹೀಗನ್ನಿಸುತ್ತಿದೆ ಎಂದು ಇಷ್ಟು ವರ್ಷ ಮನೆಯವರು ಹೇಳುತ್ತಿದ್ದರು, ಈಗ ಡಾಕ್ಟರೂ ಅದನ್ನೇ ಮಾಡಿದರೆ ಆಕೆಗೆ ತನ್ನ ಅನ್ನಿಸಿಕೆ ಸಿಗುವುದು ಯಾವಾಗ? ಹಾಗಾಗಿ ವೈದ್ಯರು ಗೊತ್ತಿಲ್ಲದವರಂತೆ ಕೂತು ಕೇಳಬೇಕು. ಆಕೆ ತಾನೇ ತನ್ನ ಮನಸ್ಸಿನ ಒಂದು ಚೂರನ್ನು ಕಂಡುಹಿಡಿದಾಗ ಅದನ್ನು ಬಿಡದೆ ಹಿಡಿದುಕೊಳ್ಳಬೇಕು.

ತೂಕ ಹೆಚ್ಚಿದರೆ ಟಿವಿ, ಹೆಚ್ಚದಿದ್ದರೆ ಭೇಟಿಗೂ ಅವಕಾಶವಿಲ್ಲ ಎಂಬಂಥ ಬಹುಮಾನ-ಶಿಕ್ಷೆಯ ಚಿಕಿತ್ಸೆ ಆಗ ಆಸ್ಪತ್ರೆಗಳಲ್ಲಿ ಜೋರಾಗಿತ್ತು. 1974ರಲ್ಲಿ ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ ಹಿಲ್ಡೆ ಇದರ ಅಪಾಯಗಳ ಬಗ್ಗೆ ಖಾರವಾಗಿ ಬರೆದರು. ಹಾಗೆಂದು ತೂಕ ಮುಖ್ಯವಲ್ಲ ಎಂದವರಲ್ಲ. ಉಪವಾಸ ಬಿದ್ದ ಮೆದುಳಿನ ಜತೆ ಮಾತುಕತೆ ಸಾಗದು, ಮೊದಲು ಒಂದು ಮಟ್ಟಕ್ಕೆ ಆಹಾರ ಹೋಗಲೇಬೇಕು ಎಂದು ಖಡಾಖಂಡಿತ ಹೇಳುತ್ತಿದ್ದರು. ಇದಕ್ಕೆ ಮಹಾಯುದ್ಧದ ಕಾಲದ ಪುರಾವೆಯಿದೆ. 1944-45ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟಾಗ, ಅವರು ಅಡುಗೆ ಪುಸ್ತಕ ಓದತೊಡಗಿದರು, ಗಂಟೆಗಟ್ಟಲೆ ತಟ್ಟೆ ಹಿಡಿದು ಕೂರುತ್ತಿದ್ದರು, ಮಂಕಾದರು. ಅಂದರೆ ಅನೊರೆಕ್ಸಿಯಾದ ಕೆಲವು ವರ್ತನೆಗಳು ಹಸಿವಿನದೇ ಕೊಡುಗೆ.

ಅಮ್ಮನ ತಲೆಗೆ ಕಟ್ಟಿದ ತಪ್ಪು

ಈಗ ಆ ಹಳೆಯ ಮಾತಿಗೆ ಬರೋಣ. ಒಂದೇ ರೀತಿ ತುತ್ತು ತಿನ್ನಿಸಿಕೊಂಡು ಬೆಳೆದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ರೋಗ ಬಂದರೆ, ತಪ್ಪು ತುತ್ತಿನದ್ದೇ?

ಹಿಲ್ಡೆ ಅವರ ಸಿದ್ಧಾಂತದಲ್ಲಿ ಎಲ್ಲ ದಾರಿಗಳೂ ಕೊನೆಗೆ ಅಮ್ಮನ ಬಳಿಗೇ ಹೋಗುತ್ತಿದ್ದವು. ಅದು ಆ ಕಾಲದ ರೋಗವೂ ಹೌದು. ಸ್ಕಿಜೋಫ್ರೇನಿಯಾಕ್ಕೂ ತಾಯಿಯೇ ಕಾರಣ ಎಂಬ ಮಾತು 1948ರ ಹೊತ್ತಿಗೆ ಚಾಲ್ತಿಗೆ ಬಂದದ್ದು ಅವರ ಗುರು ಫ್ರೀಡಾ ಅವರಿಂದಲೇ. ಹಿಲ್ಡೆ ನೋಡಿದ್ದು ಚಿಕಿತ್ಸೆಗೆ ಬಂದ ಕುಟುಂಬಗಳನ್ನು ಮಾತ್ರ. ಅದೇ ರೀತಿ ಮಕ್ಕಳನ್ನು ಬೆಳೆಸಿಯೂ ಕ್ಲಿನಿಕ್ ಮೆಟ್ಟಿಲು ಹತ್ತದ ಮನೆಗಳನ್ನು ಯಾರೂ ಎಣಿಸಲಿಲ್ಲ. ಮಗಳು ಸಾಯುತ್ತಿರುವಾಗ ಗಾಬರಿಯಾಗಿ, ಬಲವಂತ ಮಾಡುವ ಅಮ್ಮನನ್ನು ನೋಡಿ, ಈ ಬಲವಂತವೇ ರೋಗಕ್ಕೆ ಕಾರಣ ಎಂದುಕೊಳ್ಳುವುದು ಸುಲಭ. ಗಾಬರಿ ರೋಗದಿಂದ ಬಂತೋ, ರೋಗ ಗಾಬರಿಯಿಂದ ಬಂತೋ?

ಇದೇ ಹಿಲ್ಡೆ 1952ರಲ್ಲಿ, ಮಗುವಿಗೆ ಹೆದರಬೇಡಿ ಎಂಬ ಅರ್ಥದ ಹೆಸರಿನಲ್ಲಿ, ಹೆತ್ತವರಿಗಾಗಿ ಪುಸ್ತಕ ಬರೆದು, ತಜ್ಞರು ಅಮ್ಮಂದಿರನ್ನು ಹೆದರಿಸುವುದು ಅತಿಯಾಯಿತು ಎಂದು ಗದರಿದ್ದರು. ಎರಡೂ ಅವರೇ.

ಅವರು ತೀರಿಕೊಂಡ ಮೇಲೆ ಚಿತ್ರ ಬದಲಾಯಿತು. 1986ರಲ್ಲಿ ಸ್ಟಂಕರ್ಡ್ ಡೆನ್ಮಾರ್ಕ್‌ನಲ್ಲಿ ದತ್ತು ಹೋಗಿದ್ದ 540 ವಯಸ್ಕರ ತೂಕ ಹೋಲಿಸಿದರು. ಅದು ಹೆತ್ತವರ ಮೈಕಟ್ಟಿಗೆ ಹೊಂದುತ್ತಿತ್ತು, ಸಾಕಿದವರದ್ದಕ್ಕೆ ಅಲ್ಲ. ಒಂದು ಕಾಲದಲ್ಲಿ ಹಿಲ್ಡೆ ವಾದಕ್ಕೆ ಬಲ ಕೊಟ್ಟವರೇ ಅದನ್ನು ಅಲುಗಾಡಿಸಿದರು! 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನಿನ ಜೀನ್ ಪತ್ತೆ ಮಾಡಿತು. ಹೊಟ್ಟೆ ತುಂಬಿದ ಸುದ್ದಿಯನ್ನು ಮೆದುಳಿಗೆ ತಲುಪಿಸುವಲ್ಲಿ ರಕ್ತದ ಪಾತ್ರ ಎಷ್ಟೆಂದು ಗೊತ್ತಾಯಿತು. ಅನೊರೆಕ್ಸಿಯಾದಲ್ಲೂ ವಂಶವಾಹಿಯ ಪಾಲು ದೊಡ್ಡದು ಎಂದು ಅವಳಿಗಳ ಅಧ್ಯಯನಗಳು ಹೇಳಿದವು.

ಚಿಕಿತ್ಸೆಯಲ್ಲಂತೂ ಪೂರ್ತಿ ತಿರುವು. 1987ರಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತಂಡ 80 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ರೋಗ ಹೊಸದಾಗಿ ಬಂದ ಹದಿಹರೆಯದವರಿಗೆ ಕುಟುಂಬದ ಜತೆ ಸೇರಿ ಕೊಡುವ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿತು. ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿದ್ದ ಅಪ್ಪ ಅಮ್ಮನೇ ತಟ್ಟೆಯ ಮುಂದೆ ಕೂತು ಮಗಳನ್ನು ಉಳಿಸಿಕೊಳ್ಳುವ ಚಿಕಿತ್ಸಕರಾದರು.

ಆದರೂ ಹಿಲ್ಡೆ ಅವರ ಮೂಲ ಒಳನೋಟ ಬಿದ್ದುಹೋಗಿಲ್ಲ. 1983ರಲ್ಲಿ ಟೊರೊಂಟೊದ ಡೇವಿಡ್ ಗಾರ್ನರ್ ತಂಡ ರೂಪಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ದೇಹದ ಒಳಸುದ್ದಿ ಓದುವ ಸಾಮರ್ಥ್ಯ, ಅಸಹಾಯಕತೆ ಇವೆರಡನ್ನೂ ಅಳೆಯುವ ಭಾಗಗಳು ಅದರಲ್ಲಿವೆ. ಎರಡೂ ಹಿಲ್ಡೆ ಕೊಟ್ಟವು.

ನಮ್ಮ ಊರುಗಳಲ್ಲಿ

ಇದೆಲ್ಲ ಶ್ರೀಮಂತ ದೇಶದ ಕಾಯಿಲೆ, ನಮಗೇಕೆ ಎಂದು ಅನ್ನಿಸಬಹುದು. ಬೆಂಗಳೂರಿನ ಮನೋವೈದ್ಯರ ಮೇಲೆ ನಿಮ್ಹಾನ್ಸ್ ಸಂಶೋಧಕರು ನಡೆಸಿದ ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಉತ್ತರಿಸಿದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ವೈದ್ಯರು ಈಟಿಂಗ್ ಡಿಸಾರ್ಡರ್‌ನ ಒಂದು ಕೇಸನ್ನಾದರೂ ನೋಡಿದ್ದರು. ಇನ್ನೂ ಹಿಂದೆ, 1995ರಲ್ಲಿ, ದೆಹಲಿಯ ಏಮ್ಸ್ ವೈದ್ಯರು ಐವರು ಯುವತಿಯರ ಕೇಸ್ ವರದಿ ಮಾಡಿದ್ದರು. ಊಟ ಬಿಟ್ಟಿದ್ದರು, ಸೊರಗಿದ್ದರು. ಆದರೆ ತಾವು ದಪ್ಪ ಎಂಬ ಭ್ರಮೆ ಅವರಲ್ಲಿ ಇರಲಿಲ್ಲ. ಹಿಲ್ಡೆ ಹೇಳಿದ ಮೊದಲ ಲಕ್ಷಣವೇ ಇಲ್ಲ! ಕನ್ನಡಿಯ ಕಥೆ ಎಲ್ಲ ದೇಶಕ್ಕೂ ಹೊಂದುವುದಿಲ್ಲ ಎಂದಾಯಿತು. ಇಂಥವರು ನಮ್ಮಲ್ಲಿ ಹೊಟ್ಟೆನೋವು, ಅಜೀರ್ಣ ಎಂದು ಹೊಟ್ಟೆಯ ಡಾಕ್ಟರ್ ಬಳಿ ಅಲೆಯುತ್ತಲೇ ಇರುವ ಸಾಧ್ಯತೆ ಹೆಚ್ಚು. ಮನೋರೋಗಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ಒಡ್ಡುವವುಗಳಲ್ಲಿ ಅನೊರೆಕ್ಸಿಯಾ ಒಂದು ಎಂಬುದು ಗೊತ್ತಿದ್ದರೆ ಅಲೆದಾಟ ಕಮ್ಮಿಯಾದೀತು. (ಮನೆಯಲ್ಲಿ ಯಾರಿಗಾದರೂ ಇಂಥ ಅನುಮಾನ ಇದ್ದರೆ ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.)

ಕೊನೆಯ ವರ್ಷಗಳಲ್ಲಿ ಹಿಲ್ಡೆ ಅವರನ್ನು ಪಾರ್ಕಿನ್ಸನ್ ಕಾಯಿಲೆ ಹಿಡಿಯಿತು. 1978ರಲ್ಲಿ ನಿವೃತ್ತರಾದರೂ ರೋಗಿಗಳ ವಿಷಯದಿಂದ ದೂರವಾಗಲಿಲ್ಲ. 1984ರ ಡಿಸೆಂಬರ್ 15ರಂದು ಹ್ಯೂಸ್ಟನ್‌ನಲ್ಲಿ ತೀರಿಕೊಂಡಾಗ ಅವರಿಗೆ 80 ವರ್ಷ. ಚಿಕಿತ್ಸೆಯ ವೇಳೆ ಮುದ್ರಿಸಿಕೊಂಡಿದ್ದ ಟೇಪುಗಳು ಉಳಿದಿದ್ದವು. ಅವನ್ನು ಆಧರಿಸಿ ಬರೆಯುತ್ತಿದ್ದ ಪುಸ್ತಕ ಅರ್ಧಕ್ಕೆ ನಿಂತಿತ್ತು. ಜತೆಯಲ್ಲಿ ಕೆಲಸ ಮಾಡಿದ ಇಬ್ಬರು ಮಹಿಳೆಯರು ಅದನ್ನು ಸಿದ್ಧಪಡಿಸಿ 1988ರಲ್ಲಿ ಹೊರತಂದರು. ಊಟ ಬಿಟ್ಟ ಹುಡುಗಿಯರು ಡಾಕ್ಟರ್ ಮುಂದೆ ಕೂತು ಆಡಿದ ಮಾತುಗಳೇ ಅದರ ತಿರುಳು.